ಆಸ್ಪತ್ರೆ ಚೀಟಿಯ ಉದ್ದ ಪದಗಳನ್ನು ಬಾಲದಿಂದ ಓದಿ

ಮಣಿಪಾಲವೋ ಮಂಗಳೂರೋ, ಡಿಸ್ಚಾರ್ಜ್ ಸಮ್ಮರಿಯಲ್ಲಿ ರೈಲಿನಷ್ಟು ಉದ್ದದ ಇಂಗ್ಲಿಷ್ ಪದ ಕಂಡರೆ ಕೊನೆಯಿಂದ ಬಿಡಿಸಿ. ಬಾಲದಲ್ಲಿ ‘ಐಟಿಸ್’ ಇದ್ದರೆ ಉರಿಯೂತ, ‘ಸ್ಕೊಪಿ’ ಇದ್ದರೆ ಒಳಗೆ ನೋಡುವ ಪರೀಕ್ಷೆ, ‘ಎಕ್ಟಮಿ’ ಇದ್ದರೆ ತೆಗೆದುಹಾಕುವುದು. ಅದರ ಹಿಂದಿನ ತುಂಡು ಹೆಚ್ಚಾಗಿ ಅಂಗದ ಹೆಸರು: ಹೆಪಾಟ್ ಅಂದರೆ ಲಿವರ್, ನೆಫ್ರ್ ಅಂದರೆ ಕಿಡ್ನಿ. ‘ಕೋಲಿಸಿಸ್ಟೆಕ್ಟಮಿ’ ನೋಡಿ: ಕೋಲಿ ಪಿತ್ತ, ಸಿಸ್ಟ್ ಚೀಲ, ಎಕ್ಟಮಿ ತೆಗೆಯುವುದು. ಪಿತ್ತಕೋಶ ತೆಗೆದಿದ್ದಾರೆ, ಅಷ್ಟೇ! ಇವೆಲ್ಲ ಗ್ರೀಕ್ ತುಂಡುಗಳು. ಎಲ್ಲಿ ಜೋಡಿಸಿದರೂ ಅರ್ಥ ಸಾಮಾನ್ಯವಾಗಿ ಅದೇ. ಸ್ಪೆಲ್ಲಿಂಗ್ ಮಾತ್ರ ಜಾಗ್ರತೆ. ‘ಕೊಲೆಕ್ಟಮಿ’ಯಲ್ಲಿ ದೊಡ್ಡ ಕರುಳನ್ನು, ಇಲ್ಲವೇ ಅದರ ಒಂದು ಭಾಗವನ್ನು ತೆಗೆಯುತ್ತಾರೆ, ‘ಕೊಲಾಸ್ಟಮಿ’ಯಲ್ಲಿ ಕರುಳಿಗೆ ಹೊಟ್ಟೆಯ ಮೇಲೆ ದಾರಿ ಮಾಡುತ್ತಾರೆ. ಎರಡು ಅಕ್ಷರದಲ್ಲಿ ಎಷ್ಟು ವ್ಯತ್ಯಾಸ, ಅಲ್ವಾ? ನಮ್ಮ ಮಳೆಗಾಲದ ಜ್ವರಗಳಿಗೆ ಈ ಉಪಾಯ ನಡೆಯುವುದಿಲ್ಲ. ‘ಲೆಪ್ಟೊಸ್ಪೈರೋಸಿಸ್’ ಅಂದರೆ ಇಲಿ ಜ್ವರ, ಆದರೆ ಪದ ಬಿಡಿಸಿದರೆ ತೆಳು ಸುರುಳಿ ಸಿಗುತ್ತದೆ, ಇಲಿಯ ಸುಳಿವೇ ಇಲ್ಲ. ‘ಮಲೇರಿಯಾ’ ಇಟಾಲಿಯನ್ನಿನ ಕೆಟ್ಟ ಗಾಳಿ. ಸೊಳ್ಳೆಯ ಮಾತೇ ಇಲ್ಲ. ಪಾರ್ಕಿನ್ಸನ್ಸ್‌ನಂಥವು ವೈದ್ಯರ ಹೆಸರುಗಳು, ಬಿಡಿಸಲು ಏನೂ ಇಲ್ಲ. ಕಾಯಿಲೆ ಎಷ್ಟು ಜೋರಾಗಿದೆ ಅಂತಲೂ ಪದ ಹೇಳುವುದಿಲ್ಲ, ಅದನ್ನು ಡಾಕ್ಟರನ್ನೇ ಕೇಳಿ.