ಅಸೆಂಬ್ಲಿಯೊಳಗೊಂದು ಅಸೆಂಬ್ಲಿ: ಕೂರಿಗೆಯ ಏಳು ತಾಳು ಕೂರಿಸುವ ಬಗೆ

ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ತಂತ್ರಾಂಶದಲ್ಲಿ) ಬಿಡಿ ಪಾರ್ಟ್ ಮಾಡುವುದು ಬೇಗ ಕೈಗೆ ಹತ್ತುತ್ತದೆ. ತಲೆನೋವು ಶುರುವಾಗುವುದು ಅಸೆಂಬ್ಲಿಯ (ಪಾರ್ಟುಗಳನ್ನು ಕೂಡಿಸಿದ ಜೋಡಣೆಯ) ಒಳಗೆ ಇನ್ನೊಂದು ಅಸೆಂಬ್ಲಿ, ಅದರ ಒಳಗೆ ಮತ್ತೊಂದು ಸೇರಿದಾಗ. ಒಂದನ್ನು ಸರಿಸಿದರೆ ಇನ್ನೊಂದು ಎಲ್ಲೋ ಹೋಗಿ ಕೂತಿರುತ್ತದೆ.

ನಾನು ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಬಿತ್ತನೆ ಯಂತ್ರದ ಡ್ರಾಯಿಂಗ್ ಮಾಡುತ್ತೇನೆ. ಹಾಗಾಗಿ ಟ್ರ್ಯಾಕ್ಟರ್ ಕೂರಿಗೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಗದಗ ಕಡೆಯ ಎರೆ ಹೊಲದಲ್ಲಿ ಕಡಲೆ ಬಿತ್ತಲು ಏಳು ತಾಳು (ಮಣ್ಣು ಸೀಳಿ ಬೀಜ ಇಳಿಸುವ ಕಾಲು), ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್. ಮೇಲೆ ಫ್ರೇಮ್, ಅದರ ಮೇಲೆ ಬೀಜದ ಡಬ್ಬಿ, ಕೆಳಗೆ ಏಳು ತಾಳು. ಪ್ರತಿ ತಾಳೂ ಒಂದು ಸಣ್ಣ ಅಸೆಂಬ್ಲಿ: ಕ್ಲಾಂಪ್, ಪಟ್ಟಿ, ಕುಳ, ಬೀಜ ಇಳಿಯುವ ನಳಿಕೆ.

ಮೊದಲು ನನ್ನಿಂದಾದ ಒಂದು ತಪ್ಪು ಹೇಳುತ್ತೇನೆ, ಉಳಿದದ್ದು ಅದರಿಂದಲೇ ತಿಳಿಯುತ್ತದೆ. ನಡುವಿನ ತಾಳಿನ ನಳಿಕೆ ಡಬ್ಬಿಯ ತೂತಿಗಿಂತ 12 ಮಿ.ಮೀ. ಪಕ್ಕಕ್ಕಿತ್ತು. ನಾನು ತಾಳಿನ ಫೈಲ್ ತೆರೆದು ನಳಿಕೆಯನ್ನೇ 12 ಸರಿಸಿಬಿಟ್ಟೆ. ಸ್ಕ್ರೀನಿನ ಮೇಲೆ ಎಲ್ಲ ಸರಿಯಾಗಿ ಕಂಡಿತು. ಏಳೂ ತಾಳು ಅದೇ ಒಂದು ಫೈಲಿನ ಪ್ರತಿಗಳು, ಅಲ್ವಾ? ಏಳರಲ್ಲೂ ನಳಿಕೆ ಸರಿದಿತ್ತು. ನಿಜವಾದ ತಪ್ಪು ಇದ್ದದ್ದು ಡಬ್ಬಿಯಲ್ಲಿ, ಅದು ಫ್ರೇಮಿನ ನಡುವೆ ಕೂತಿರಲಿಲ್ಲ. ಮುಂದೆ ಡಬ್ಬಿಯನ್ನು ನಡುವಿಗೆ ತಂದಾಗ ಏಳೂ ನಳಿಕೆ ತಪ್ಪಿದವು, ಅಷ್ಟೊತ್ತಿಗೆ ನಳಿಕೆಯ ಬ್ರಾಕೆಟ್ ವೆಲ್ಡಿಂಗ್ ಆಗಿ ಹೋಗಿತ್ತು. "ಸರ, ಈ ತೂತಿಗೂ ಆ ನಳಿಕೆಗೂ ಕೂಡವಲ್ದು ನೋಡ್ರಿ" ಎಂದು ಮಿಸ್ತ್ರಿ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಏಳೂ ಬ್ರಾಕೆಟ್ ಗ್ರೈಂಡ್ ಮಾಡಿ ತೆಗೆದು ಮತ್ತೆ ಹಚ್ಚಬೇಕಾಯಿತು.

ಹಾಗಾಗಿ ಏನನ್ನಾದರೂ ಸರಿಸುವ ಮುಂಚೆ ಯಾವ ಮಟ್ಟದಲ್ಲಿ ಇದ್ದೀರಿ ಎಂದು ನೋಡಿ. ತಾಳು ಫ್ರೇಮಿನ ಮೇಲೆ ಎಲ್ಲಿ ಕೂರಬೇಕು ಎಂಬುದು ಮೇಲಿನ ಅಸೆಂಬ್ಲಿಯ ಕೆಲಸ. ನಳಿಕೆ ತಾಳಿಗೆ ಎಲ್ಲಿ ಅಂಟಬೇಕು ಎಂಬುದು ತಾಳಿನ ಅಸೆಂಬ್ಲಿಯ ಕೆಲಸ. ಮಾಡೆಲ್ ಮೇಲೆ ಮೌಸ್ ಒತ್ತಿದರೆ ಎಷ್ಟೋ ಸಲ ಎಲ್ಲಕ್ಕಿಂತ ಒಳಗಿನ ತುಂಡೇ ಸಿಗುತ್ತದೆ, ಅದಕ್ಕೆ ಟ್ರೀಯಲ್ಲಿ (ಸ್ಕ್ರೀನಿನ ಪಕ್ಕದ ತುಂಡುಗಳ ಪಟ್ಟಿಯಲ್ಲಿ) ಹೆಸರು ನೋಡಿ ಆರಿಸಿ. ಫ್ರೀಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶದಲ್ಲಾದರೆ ಹೊರಗೆ ಹಳದಿ ಐಕಾನಿನ ಪಾರ್ಟ್ (ತುಂಡನ್ನು ಹಿಡಿದಿಡುವ ಚೀಲದ ಹಾಗೆ), ಅದರೊಳಗೆ ನೀಲಿ ಬಾಡಿ (ತುಂಡಿನ ಆಕಾರ) ಇರುತ್ತದೆ. ಸರಿಸಬೇಕಾದದ್ದು ಪಾರ್ಟ್. ಬಾಡಿಯನ್ನು ಸರಿಸಿದರೆ ಅದು ತನ್ನದೇ ಪಾರ್ಟಿನ ಮೂಲಬಿಂದುವಿನಿಂದ (ಅಳತೆಗಳೆಲ್ಲ ಸೊನ್ನೆಯಿಂದ ಶುರುವಾಗುವ ಜಾಗದಿಂದ) ದೂರ ಹೋಗುತ್ತದೆ, ಆಮೇಲೆ ಕೊಟ್ಟ ಯಾವ ಅಳತೆಯೂ ನೀವಂದುಕೊಂಡ ಹಾಗೆ ಬರುವುದಿಲ್ಲ.

ಇನ್ನು ಲೆಕ್ಕ. ಒಳಗಿನ ತುಂಡಿನ ಪ್ಲೇಸ್‌ಮೆಂಟ್‌ನಲ್ಲಿ (ತುಂಡು ಎಲ್ಲಿದೆ ಎಂದು ತೋರಿಸುವ ಕಡೆ) ಕಾಣುವ ಅಂಕಿ ಅದರ ಮನೆಯ ಲೆಕ್ಕ, ಇಡೀ ಯಂತ್ರದ್ದಲ್ಲ. ತಾಳು ಎಕ್ಸ್ 300ರಲ್ಲಿದೆ, ಅದರೊಳಗೆ ನಳಿಕೆ ಎಕ್ಸ್ 40ರಲ್ಲಿದೆ ಎಂದುಕೊಳ್ಳಿ. ಯಂತ್ರದ ಲೆಕ್ಕದಲ್ಲಿ ನಳಿಕೆ 340ರಲ್ಲಿರುತ್ತದೆ. ಈಗ ತಾಳನ್ನು ಝಡ್ ಸುತ್ತ 90 ಡಿಗ್ರಿ ತಿರುಗಿಸಿ. ನಳಿಕೆ ಎಕ್ಸ್ 300, ವೈ 40ಕ್ಕೆ ಹೋಗುತ್ತದೆ, ಆದರೆ ಅದರ ಪ್ಲೇಸ್‌ಮೆಂಟ್ ತೆರೆದರೆ ಇನ್ನೂ ಎಕ್ಸ್ 40 ಎಂದೇ ಇರುತ್ತದೆ. ಇಲ್ಲೇ ಜಾಸ್ತಿ ಜನ ಗೊಂದಲಕ್ಕೆ ಬೀಳುವುದು. ಒಮ್ಮೆ ಎರಡು ಡಬ್ಬಿ ಮಾಡಿ, ಒಂದರೊಳಗೊಂದು ಇಟ್ಟು, ಹೊರಗಿನದನ್ನು ತಿರುಗಿಸಿ ನೋಡಿ. ಹತ್ತು ನಿಮಿಷದ ಕೆಲಸ.

ಮೂಲಬಿಂದುವನ್ನು ಎಲ್ಲಿ ಇಡುತ್ತೀರಿ ಎಂಬುದು ಅರ್ಧ ಕೆಲಸ. ಫ್ರೇಮಿಗೆ, ಡಬ್ಬಿಗೆ, ತಾಳಿಗೆ ಎಲ್ಲಕ್ಕೂ ನಡುಗೆರೆಯ ಮೇಲೆ ಇಡಿ, ಹಾಳೆಯ ಮೂಲೆಯಲ್ಲಿ ಬೇಡ. ಆಗ ಏಳು ತಾಳಿನ ಜಾಗ ತಾನಾಗೇ ಬರುತ್ತದೆ: -900, -600, -300, 0, 300, 600, 900. ಡಬ್ಬಿಯ ತೂತುಗಳಿಗೂ ಅದೇ ಅಂಕಿ. ಕಣ್ಣಾಡಿಸಿದರೆ ಸಾಕು, ತಪ್ಪಿದ್ದು ಗೊತ್ತಾಗುತ್ತದೆ.

ಜೋಡಿಸುವಾಗ ಫ್ರೇಮನ್ನು ಮೊದಲು ತಂದು ಗಟ್ಟಿ ಮಾಡಿ. ಸಾಲಿಡ್‌ವರ್ಕ್ಸ್ ಎಂಬ ಇನ್ನೊಂದು ಕ್ಯಾಡ್ ತಂತ್ರಾಂಶದಲ್ಲಿ ಮೊದಲು ತಂದದ್ದು ತಾನೇ ಫಿಕ್ಸ್ ಆಗುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲಿ ಅಸೆಂಬ್ಲಿ ವರ್ಕ್‌ಬೆಂಚ್ (ಜೋಡಿಸುವ ಸಲಕರಣೆಗಳ ಕಟ್ಟು) ಒಳಗೇ ಇದೆ, ಅಲ್ಲಿ ಫ್ರೇಮ್ ಗ್ರೌಂಡ್ (ಅಲುಗದಂತೆ ಫಿಕ್ಸ್) ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಆಮೇಲೆ ತಾಳು. ಸಡಿಲ ಇರುವ ಯಾವ ತುಂಡಿಗೂ ಆರು ಚಲನೆ: ಮೂರು ಸರಿಯುವುದು, ಮೂರು ತಿರುಗುವುದು. ಸಮತಲಕ್ಕೆ ಸಮತಲ ಕೂಡಿಸಿದರೆ ಮೂರು ಹೋಗುತ್ತವೆ. ಅದಕ್ಕೆ ಅಡ್ಡ ಇರುವ ಇನ್ನೊಂದು ಸಮತಲ ಕೂಡಿಸಿದರೆ ಇನ್ನೆರಡು. ಈಗ ಕ್ಲಾಂಪ್ ಫ್ರೇಮಿನ ಚೌಕ ಪೈಪಿನ ಉದ್ದಕ್ಕೆ ಮಾತ್ರ ಜಾರುತ್ತದೆ, ಫ್ರೇಮಿನ ನಡು ಸಮತಲದಿಂದ 300 ಎಂದು ಕೊಟ್ಟರೆ ಅದೂ ನಿಂತಿತು. ಇಷ್ಟಾದ ಮೇಲೆ ಇನ್ನೊಂದು ಮೇಟ್ (ಹೀಗೆ ತುಂಡಿಗೆ ತುಂಡು ಕೂಡಿಸುವ ಕಟ್ಟು) ಸುಮ್ನೆ ಸೇರಿಸಬೇಡಿ, ಈಗಲ್ಲದಿದ್ದರೂ ಮುಂದೆ ಒಂದು ಅಳತೆ ಬದಲಿಸಿದಾಗ ಅದೇ ಕಾಲಿಗೆ ತೊಡರುತ್ತದೆ.

ಕೂಡಿಸುವಾಗ ಆದಷ್ಟು ಮೂಲ ಸಮತಲಗಳನ್ನೇ (ಮೂಲಬಿಂದುವಿನ ಮೂಲಕ ಹಾಯುವವನ್ನೇ) ಹಿಡಿಯಿರಿ. ಪಾರ್ಟಿನ ಮೇಲ್ಮೈ ಅಥವಾ ಅಂಚು ಹಿಡಿದರೆ, ನಾಳೆ ಅಲ್ಲೊಂದು ಫಿಲೆಟ್ ಕೊಟ್ಟಾಗ (ಅಂಚನ್ನು ದುಂಡಾಗಿಸಿದಾಗ) ಆ ಅಂಚೇ ಇರುವುದಿಲ್ಲ, ಮೇಟ್ ಕಿತ್ತುಹೋಗುತ್ತದೆ.

ತಿರುಗುವ ಭಾಗಗಳ ಮಾತು ಬೇರೆ. ಬೀಜ ಅಳೆಯುವ ಶಾಫ್ಟ್ ಡಬ್ಬಿಯ ಅಸೆಂಬ್ಲಿಯ ಒಳಗಿದೆ, ಅಲ್ಲಿ ಅದು ತಿರುಗುತ್ತದೆ. ಆದರೆ ಡಬ್ಬಿಯನ್ನು ಮೇಲಿನ ಅಸೆಂಬ್ಲಿಗೆ ತಂದ ಕೂಡಲೇ ಶಾಫ್ಟ್ ಕಲ್ಲಿನಂತೆ ನಿಲ್ಲುತ್ತದೆ. ಕೆಟ್ಟಿತು ಎಂದು ಗಾಬರಿಯಾಗಬೇಡಿ. ಸಾಲಿಡ್‌ವರ್ಕ್ಸ್ ಒಳ ಅಸೆಂಬ್ಲಿಯನ್ನು ರಿಜಿಡ್ ಎಂದೇ ಹಿಡಿಯುತ್ತದೆ, ಅದರ ಪ್ರಾಪರ್ಟೀಸ್‌ನಲ್ಲಿ ಫ್ಲೆಕ್ಸಿಬಲ್ ಮಾಡಬೇಕು. ಫ್ರೀಕ್ಯಾಡ್‌ನಲ್ಲಿ ರಿಜಿಡ್ ಎಂಬುದನ್ನು ತೆಗೆಯಬೇಕು. ತಾಳಿಗೆ ಇದು ಬೇಡವೇ ಬೇಡ, ಏಳೂ ರಿಜಿಡ್ ಆಗೇ ಇರಲಿ, ಕಂಪ್ಯೂಟರಿಗೂ ಹಗುರ.

ಕೊನೆಗೆ ಅಳೆದು ನೋಡಿ, ಅದೂ ನಡುವಿನ ತಾಳಲ್ಲಿ ಅಲ್ಲ, ಎರಡೂ ತುದಿಯ ತಾಳುಗಳಲ್ಲಿ. ಡ್ರಾಯಿಂಗ್ ಕೊಡುವಾಗಲೂ 300, 300 ಎಂದು ಸರಪಳಿ ಹಾಕದೆ ನಡುಗೆರೆಯಿಂದಲೇ 300, 600, 900 ಎಂದು ಬರೆಯಿರಿ. ಮಿಸ್ತ್ರಿ ಒಂದೊಂದು ಗುರುತಿಗೂ ಅರ್ಧ ಮಿ.ಮೀ. ತಪ್ಪಿದರೂ ಅದು ಕೂಡುತ್ತಾ ಹೋಗಿ ತುದಿಯ ನಳಿಕೆಯ ಮೇಲೆ ಬೀಳುವುದಿಲ್ಲ.