ಬಾಯಿಂದ ನೋಡುವ ಮುಖವಾಡ

ಸೊರಬದಲ್ಲಿ ಗಂಧದ ಕೆತ್ತನೆ ಕಲಿತವನು ನಾನು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದಾಗ, ಅಲ್ಲಿನ ಮ್ವೆಂಗೆ ಮಾರುಕಟ್ಟೆಯಲ್ಲಿ ಮಕೊಂಡೆ ಜನಾಂಗದ ಒಬ್ಬ ಹಿರಿಯ ಕೆತ್ತನೆಗಾರರ ಪಕ್ಕ ಕೂತು ಒಂದು ಲಿಪಿಕೊ ಮಾಡಿದೆ. ಲಿಪಿಕೊ ಅಂದರೆ ಕುಣಿತದ ಮುಖವಾಡ. ಒಂದಕ್ಕಿಂತ ಜಾಸ್ತಿ ಇದ್ದರೆ ಮಪಿಕೊ. ಗುರುಗಳ ಊರು ರುವುಮಾ ನದಿಯಾಚೆ, ಮೊಜಾಂಬಿಕ್‌ನ ಮುಯೆಡಾ ಕಡೆ. ಎಲ್ಲರೂ ಅವರನ್ನು 'ಫುಂಡಿ' ಅಂತಿದ್ದರು, ಸ್ವಾಹಿಲಿಯಲ್ಲಿ ಮೇಸ್ತ್ರಿ.

ಮಕೊಂಡೆ ಅಂದ ಕೂಡಲೇ ಕಪ್ಪು ಎಂಪಿಂಗೊ ಮರದ ಶಿಲ್ಪ ನೆನಪಾಗುತ್ತೆ, ಅಲ್ವಾ? ನಾನೂ ಅದನ್ನೇ ಕೇಳಿದೆ. ಫುಂಡಿ ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿದರು. ಸೀದಾ ತಳಕ್ಕಿಳಿಯಿತು. "ಇದನ್ನು ಹೊತ್ತು ಕುಣೀತೀಯಾ?" ಅಂದರು. ಮುಖವಾಡಕ್ಕೆ ಬೇಕಾದದ್ದು ಮೆತ್ತನೆಯ ಹಗುರ ಮರ.

ಹೊರಗಡೆ ಬಾಚಿಯಿಂದ ಕೆತ್ತಿದ್ದು ಸುಲಭವಾಯಿತು. ಒಳಗೆ ಟೊಳ್ಳು ಮಾಡುವಾಗ ಕೈ ನಡುಗಿತು. ಗೋಡೆ ಕಿರುಬೆರಳಿನಷ್ಟು ದಪ್ಪ ಉಳಿಯಬೇಕು. ಫುಂಡಿ ಬೆರಳಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಇನ್ನೂ ದಪ್ಪ ಇದೆ ಅಂತ ಹೇಳುತ್ತಿದ್ದರು.

ನಾನು ಎರಡು ದಿನ ಕಣ್ಣುಗಳನ್ನೇ ಕೆತ್ತುತ್ತಾ ಕೂತಿದ್ದೆ. ಬಾಯನ್ನು ಸುಮ್ನೆ ನೇರವಾಗಿ ಕೊರೆದುಬಿಟ್ಟೆ. ತಲೆಗೆ ಹಾಕಿದರೆ ಮಾರುಕಟ್ಟೆಯ ತಗಡಿನ ಛಾವಣಿ ಮಾತ್ರ ಕಾಣಿಸಿತು! ಲಿಪಿಕೊವನ್ನು ಶಿರಸ್ತ್ರಾಣದ ಹಾಗೆ ಹಿಂದಕ್ಕೆ ವಾಲಿಸಿ ಹಾಕುತ್ತಾರೆ. ಕುಣಿಯುವವನು ನೋಡುವುದು ಬಾಯಿಯ ಸಂದಿನಿಂದ. ಹಾಗಾಗಿ ಸಂದಿನ ಕೆಳ ಅಂಚನ್ನು ಒಳಗಿಂದ ಇಳಿಜಾರಾಗಿ ತೆಗೆಯಬೇಕು. ತೆಗೆದೆ. ನನ್ನ ಎರಡೂ ಪಾದ ಕಂಡವು.

ಕೊನೆಗೆ ಮುಖದ ಹಚ್ಚೆ ಗೆರೆಗಳು. ಬಿಸಿಲಿಗಿಟ್ಟ ಜೇನುಮೇಣವನ್ನು ಅಂಗೈಯಲ್ಲಿ ಹೊಸೆದು, ಶಾವಿಗೆ ಎಳೆ ಮಾಡಿ, ಕೆನ್ನೆ ಮೇಲೆ ಒತ್ತುತ್ತಾ ಹೋದೆವು. ಹಳೆಯ ಮಪಿಕೊಗಳಿಗೆ ನಿಜವಾದ ಮನುಷ್ಯರ ಕೂದಲನ್ನೇ ಅಂಟಿಸುತ್ತಿದ್ದರು.

ಹುಡುಗರನ್ನು ದೊಡ್ಡವರ ಸಾಲಿಗೆ ಸೇರಿಸುವ ದೀಕ್ಷೆಯ ಹೊತ್ತಿನಲ್ಲಿ ಇದು ಕುಣಿಯುತ್ತೆ. ಕುಣಿಯುವವನ ಮೈಯೆಲ್ಲ ಬಟ್ಟೆ, ಚರ್ಮ ಕಾಣಬಾರದು. ಹಿಂದೆ ಹೆಂಗಸರಿಗೂ ದೀಕ್ಷೆಯಾಗದ ಮಕ್ಕಳಿಗೂ ಅದು ಸತ್ತವರ ಲೋಕದಿಂದ ಬಂದದ್ದಾಗಿತ್ತು. ಒಳಗಿರುವುದು ಮನುಷ್ಯ ಅನ್ನುವ ಗುಟ್ಟು ಹುಡುಗನಿಗೆ ತಿಳಿಯುತ್ತಿದ್ದುದು ದೀಕ್ಷೆಯಲ್ಲೇ. ಅದಕ್ಕೇ ಮೊದಲೆಲ್ಲ ಊರಾಚೆ ಮರೆಯಲ್ಲಿ ಕೆತ್ತುತ್ತಿದ್ದರು. ನಾವು ಕೆತ್ತಿದ್ದು ಸಂತೆ ನಡುವೆ, ಮಾರುವುದಕ್ಕೆ. ಆದರೂ ಸಂಜೆ ಅಂಗಡಿ ಮುಚ್ಚುವಾಗ ಫುಂಡಿ ಅದರ ಮೇಲೊಂದು ಬಟ್ಟೆ ಹೊದಿಸುತ್ತಿದ್ದರು. ಪಕ್ಕದ ಎಂಪಿಂಗೊ ಶಿಲ್ಪಗಳಿಗೆ ಹೊದಿಸುತ್ತಿರಲಿಲ್ಲ.