ಟೂಮ್‌ಸ್ಟೋನ್‌ಗೆ ಹೊರಟಿದ್ದೀರಾ? ಮೊದಲು ಕೋರ್ಟು ನೋಡಿ, ಆಮೇಲೆ ಗುಂಡಿನ ಆಟ

ಅರಿಜೋನಾದಲ್ಲಿರುವವರ ಮನೆಗೆ ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ಮೊದಲು ಗ್ರ್ಯಾಂಡ್ ಕ್ಯಾನ್ಯನ್, ಆಮೇಲೆ ಸೆಡೋನಾ. ಮುಂದೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ನಾನು ಟೂಮ್‌ಸ್ಟೋನ್ ಅನ್ನುತ್ತೇನೆ, 1881ರ ಗುಂಡಿನ ಕಾಳಗಕ್ಕೆ ಹೆಸರಾದ ಹಳೆಯ ಬೆಳ್ಳಿ ಗಣಿಯ ಊರು. ಟೂಸಾನ್‌ನಿಂದ ಸುಮಾರು 70 ಮೈಲಿ. ಐ-10ರಲ್ಲಿ ಪೂರ್ವಕ್ಕೆ ಹೋಗಿ ಬೆನ್ಸನ್ ಹತ್ತಿರ ಹೈವೇ 80ಕ್ಕೆ ಇಳಿದರೆ ಸಾಕು, ಅದೇ ರಸ್ತೆ ಊರೊಳಗೆ ಕರೆದೊಯ್ಯುತ್ತದೆ. ಫೀನಿಕ್ಸ್ ಕಡೆಯಿಂದ ಹೊರಡುವವರಿಗೆ ಮೂರು ಗಂಟೆ. ಸಾವಿರದ ಚಿಲ್ಲರೆ ಜನರ ಊರು. ಮಣ್ಣಿನ ಬೀದಿ, ಅದರ ಎರಡೂ ಬದಿಗೆ ಹಲಗೆಯ ಜಗುಲಿ, ಕುದುರೆಗಾಡಿ, ದೊಡ್ಡ ಹ್ಯಾಟಿನ ಕೌಬಾಯ್‌ಗಳು.

ಬ್ಯಾಗಿಗೆ ಮೊದಲು ಹಾಕಬೇಕಾದ್ದು ಪಾಸ್‌ಪೋರ್ಟ್. ದೇಶದ ಗಡಿ ಹತ್ತಿರವೇ ಇರುವುದರಿಂದ ಹೈವೇ 80ರಲ್ಲಿ ವಾಪಸು ಬರುವಾಗ ಬಾರ್ಡರ್ ಪೆಟ್ರೋಲ್‌ನವರ ಚೆಕ್‌ಪಾಯಿಂಟ್ ಸಿಗುತ್ತದೆ. ಅಮೆರಿಕದ ಪ್ರಜೆಗಳಲ್ಲದ, 18 ದಾಟಿದ ಎಲ್ಲರೂ ಗ್ರೀನ್ ಕಾರ್ಡನ್ನೋ ಐ-94 ಅನ್ನುವ ಪ್ರವೇಶ ದಾಖಲೆಯ ಪ್ರತಿಯನ್ನೋ ಸದಾ ಜೊತೆಗಿಟ್ಟುಕೊಂಡಿರಬೇಕು ಅನ್ನುವುದು ಕಾನೂನೇ. ಹಿರಿಯರು ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಭದ್ರವಾಗಿ ಇಡುವವರು. ಹೊರಡುವ ಹಿಂದಿನ ರಾತ್ರಿಯೇ ಕೇಳಿ ಈಸಿಕೊಳ್ಳಿ. ಎಂಟು ವರ್ಷದೊಳಗಿನ, 4 ಅಡಿ 9 ಇಂಚು ತಲುಪದ ಮಕ್ಕಳಿಗೆ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಬಾಡಿಗೆ ಕಾರು ತಗೊಳ್ಳುವವರು ಬುಕ್ ಮಾಡುವಾಗಲೇ ಹೇಳಿಬಿಡಿ.

ಊರು ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಫೀನಿಕ್ಸ್‌ನಷ್ಟು ಸುಡುವುದಿಲ್ಲ ನಿಜ, ಆದರೂ ಜೂನ್ ತಿಂಗಳಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ಜುಲೈ-ಆಗಸ್ಟ್‌ನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಬಂದರೆ ಆ ಮಣ್ಣಿನ ಬೀದಿಯ ಗತಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಿತ. ಚಳಿಗಾಲದ ಬೆಳಿಗ್ಗೆಗೆ ಸ್ವೆಟರ್ ಇರಲಿ.

ಈಗ ಮುಖ್ಯ ವಿಷಯ. ಇಲ್ಲಿ ಏನೇನಿದೆ ಅನ್ನುವುದಕ್ಕಿಂತ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದು ದೊಡ್ಡದು. ಹೆಚ್ಚಿನವರು ಹೈವೇಯಲ್ಲಿ ಮೊದಲು ಸಿಗುವ ಬೂಟ್‌ಹಿಲ್ ಸ್ಮಶಾನದಲ್ಲಿ ಇಳಿದು, ಆಮೇಲೆ ಸೀದಾ ಆ ಕಾಳಗವನ್ನು ಆಡಿ ತೋರಿಸುವ ಬಂದೂಕಿನ ಪ್ರದರ್ಶನಕ್ಕೆ ಓಡುತ್ತಾರೆ. ಗೋರಿಯ ಹೆಸರುಗಳು ಯಾರವು ಅಂತ ಗೊತ್ತಿರುವುದಿಲ್ಲ, ಪ್ರದರ್ಶನದಲ್ಲಿ ಯಾರು ಯಾರಿಗೆ ಯಾಕೆ ಹೊಡೆದರು ಅಂತ ಮಕ್ಕಳಿಗೆ ತಿಳಿಯುವುದಿಲ್ಲ. ಬೂಟ್‌ಹಿಲ್ ದಾಟಿ ಮುಂದೆ ಹೋಗಿ. ಟಫ್‌ನಟ್ ಬೀದಿಯ ಕಡೆ ಕಾರು ನಿಲ್ಲಿಸಿ, ಬಾಗಿಲು ತೆಗೆಯುವ ಹೊತ್ತಿಗೇ ಹಳೆಯ ಕೋರ್ಟ್‌ಹೌಸ್ ಹೊಕ್ಕುಬಿಡಿ.

1882ರಲ್ಲಿ ಕಟ್ಟಿದ ಎರಡಂತಸ್ತಿನ ಇಟ್ಟಿಗೆ ಕಟ್ಟಡ. 1929ರಲ್ಲಿ ಜಿಲ್ಲಾ ಕೇಂದ್ರ ಬಿಸ್ಬಿಗೆ ಹೋಗುವವರೆಗೂ ಕೊಚೀಸ್ ಕೌಂಟಿಯ ನ್ಯಾಯ ನಡೆದದ್ದು ಇಲ್ಲೇ. ನಮ್ಮ ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೇಲಿನ ಕೋರ್ಟ್ ಹಾಲಿನಲ್ಲಿ ಅವರು ಕುರ್ಚಿಗಳನ್ನೆಲ್ಲ ಒಂದು ಸುತ್ತು ನೋಡಿ, "ಬೆಂಚ್ ಕ್ಲರ್ಕ್ ಎಲ್ಲಿ ಕೂರ್ತಿದ್ದನೋ ಅದು ಬರೆದೇ ಇಲ್ಲವಲ್ಲಮ್ಮ" ಅಂತ ಬೇಸರಪಟ್ಟುಕೊಂಡರು. ಹಿತ್ತಲಿನಲ್ಲಿ ನೇಣುಗಂಬ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಚಿಕ್ಕ ಮಕ್ಕಳಿದ್ದರೆ ಅತ್ತ ಹೋಗದಿದ್ದರೂ ನಡೆಯುತ್ತದೆ. ತಪ್ಪಿಸಬಾರದ್ದೆಂದರೆ ಪ್ರಸಿದ್ಧ ಗುಂಡಿನ ಕಾಳಗ ಹೀಗೂ ನಡೆದಿರಬಹುದು, ಹಾಗೂ ನಡೆದಿರಬಹುದು ಅಂತ ಎರಡು ಬಗೆಯಲ್ಲಿ ತೋರಿಸಿರುವ ಭಾಗ. ಅಲ್ಲೇ ನಿಂತು ಮಕ್ಕಳಿಗೆ ಕಥೆ ಹೇಳಿ ಮುಗಿಸಿ.

ಕಥೆ ಇಷ್ಟು. 1877ರಲ್ಲಿ ಎಡ್ ಶಿಫ್ಲಿನ್ ಅನ್ನುವವನು ಈ ಗುಡ್ಡಗಳಲ್ಲಿ ಅದಿರು ಹುಡುಕಲು ಹೊರಟಾಗ, ಅಲ್ಲಿ ನಿನಗೆ ಸಿಗುವುದು ನಿನ್ನ ಗೋರಿಕಲ್ಲೇ (ಇಂಗ್ಲಿಷಿನಲ್ಲಿ ಟೂಮ್‌ಸ್ಟೋನ್) ಅಂತ ಸೈನಿಕರು ಗೇಲಿ ಮಾಡಿದ್ದರು. ಸಿಕ್ಕಿದ್ದು ಬೆಳ್ಳಿ. 1879ಕ್ಕೆ ಊರು ಎದ್ದಿತು, ಹಣ ಬಂತು, ಜೊತೆಗೆ ಪುಂಡರೂ ಬಂದರು. 1881ರ ಏಪ್ರಿಲ್‌ನಲ್ಲಿ ಊರೊಳಗೆ ಆಯುಧ ಹಿಡಿದು ತಿರುಗುವಂತಿಲ್ಲ ಅಂತ ಕಾಯಿದೆ ಮಾಡಿದರು. ಅದೇ ವರ್ಷ ಅಕ್ಟೋಬರ್ 26ರ ಮಧ್ಯಾಹ್ನ ಪೊಲೀಸ್ ಮುಖ್ಯಸ್ಥ ವರ್ಜಿಲ್ ಅರ್ಪ್, ತಮ್ಮಂದಿರಾದ ವ್ಯಾಟ್, ಮಾರ್ಗನ್ ಮತ್ತು ಡಾಕ್ ಹಾಲಿಡೇ ಅನ್ನುವ ಹಲ್ಲಿನ ವೈದ್ಯನನ್ನು ಕರೆದುಕೊಂಡು ಆ ಕಾಯಿದೆ ಜಾರಿಗೆ ಹೊರಟ. ಸುಮಾರು ಅರ್ಧ ನಿಮಿಷ, ಮೂವತ್ತರಷ್ಟು ಗುಂಡು. ಎದುರು ಪಕ್ಷದ ಕೌಬಾಯ್‌ಗಳಾದ ಬಿಲ್ಲಿ ಕ್ಲಾಂಟನ್, ಟಾಮ್ ಮತ್ತು ಫ್ರ್ಯಾಂಕ್ ಮೆಕ್‌ಲಾರಿ ಸತ್ತರು. ಅರ್ಪ್ ಕಡೆಯವರ ಮೇಲೆ ವಿಚಾರಣೆ ನಡೆದು, ನವೆಂಬರ್ 30ಕ್ಕೆ ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಅವರನ್ನು ಬಿಟ್ಟುಬಿಟ್ಟ. ಡಿಸೆಂಬರಿನಲ್ಲಿ ಯಾರೋ ವರ್ಜಿಲ್‌ಗೆ ಹೊಂಚಿ ಹೊಡೆದರು, ಮಾರ್ಚ್‌ನಲ್ಲಿ ಮಾರ್ಗನ್ ಬಿಲಿಯರ್ಡ್ಸ್ ಆಡುತ್ತಿದ್ದಾಗ ಕೊಲೆಯಾದ. "ಒಂದು ತಿಂಗಳಲ್ಲಿ ತೀರ್ಪಾ!" ಮಾವನವರಿಗೆ ಇಡೀ ಕಥೆಯಲ್ಲಿ ನಂಬಲಾಗದ್ದು ಅದೊಂದೇ.

ಕೋರ್ಟಿನಿಂದ ಅದೇ ಬೀದಿಯಲ್ಲಿ ಸ್ವಲ್ಪ ನಡೆದರೆ ರೋಸ್ ಟ್ರೀ ಮ್ಯೂಸಿಯಂ. 1885ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿ ನೆಟ್ಟ ಒಂದೇ ಗುಲಾಬಿ ಗಿಡ, ಬುಡ ಮರದ ಕಾಂಡದಷ್ಟು ದಪ್ಪ. ಚಪ್ಪರ ಐದು ಸಾವಿರ ಚದರಡಿಗೂ ಮಿಕ್ಕಿ ಹಬ್ಬಿ ಗಿನ್ನೆಸ್ ದಾಖಲೆ ಸೇರಿದೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ ಹೋದರೆ ಬಿಳಿ ಹೂವು. ಅತ್ತೆಯವರನ್ನು ಅದರ ಕೆಳಗಿಂದ ಎಬ್ಬಿಸುವುದೇ ಕಷ್ಟವಾಯಿತು. ಹಿರಿಯರಿಗೆ ಕಾಲು ನೋವು ಇದ್ದರೆ ಉಳಿದವರು ಬೇರೆಡೆ ಸುತ್ತಿ ಬರುವವರೆಗೆ ಕೂರಿಸಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ.

ಮಧ್ಯಾಹ್ನಕ್ಕೆ ಅಲೆನ್ ಬೀದಿ. ಇಲ್ಲಿ ಕಾರು ಬಿಡುವುದಿಲ್ಲ. ಕುದುರೆ ಓಡಾಡುವ ಬೀದಿ, ಕೆಳಗೆ ನೋಡಿಕೊಂಡು ನಡೆಯಿರಿ. ಹಲಗೆಗಳು ಏರುಪೇರು, ಸೀರೆಯುಟ್ಟವರಿಗೂ ಸ್ಟ್ರಾಲರ್ ತಳ್ಳುವವರಿಗೂ ತ್ರಾಸ. ಸೊಂಟಕ್ಕೆ ಪಿಸ್ತೂಲು ಕಟ್ಟಿದವರು ಸಿಗುತ್ತಾರೆ: ಕೆಲವರು ವೇಷದವರು, ಕೆಲವರು ನಿಜವಾಗಿಯೂ ಕಟ್ಟಿಕೊಂಡು ಬಂದವರು. ಈಗಿನ ಅರಿಜೋನಾ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. 1881ರಲ್ಲಿ ಯಾವುದನ್ನು ತಡೆಯಲು ಮೂರು ಹೆಣ ಬಿದ್ದವೋ ಅದನ್ನು ಮಾಡಲು ಈಗ ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ!

ಓಕೆ ಕೊರಾಲ್ ಅನ್ನುವ ಹಳೆಯ ಕುದುರೆ ಲಾಯದಲ್ಲಿ ಕಾಳಗದ ಪ್ರದರ್ಶನ ದಿನಕ್ಕೆ ಹಲವು ಬಾರಿ ಇರುತ್ತದೆ. ಊರಿಗೆ ಬಂದ ಕೂಡಲೇ ಸಮಯ ಕೇಳಿ ಟಿಕೆಟ್ ತೆಗೆದಿಟ್ಟುಕೊಳ್ಳಿ. ಹಾರಿಸುವುದು ಖಾಲಿ ತೋಟಾ, ಆದರೆ ಸದ್ದು ಖಾಲಿಯಲ್ಲ. ನನ್ನ ಮಗ ಇಡೀ ವಾರ "ಬಂದೂಕು ಬಂದೂಕು" ಅಂದವನು ಮೊದಲ ಏಟಿಗೇ ಅಜ್ಜನ ಕೋಟಿನೊಳಗೆ ತಲೆ ತೂರಿಸಿದ. ಪುಟ್ಟ ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ, ಹಿಂದಿನ ಸಾಲಿನಲ್ಲಿ ಕೂರಿ. ಇನ್ನೊಂದು ಮಾತು: ನಿಜವಾದ ಕಾಳಗ ಕೊರಾಲ್ ಒಳಗೆ ನಡೆದದ್ದಲ್ಲ, ಅದರ ಹಿಂದೆ ಫ್ರೀಮಾಂಟ್ ಬೀದಿಯ ಬದಿಯ ಕಿರಿದಾದ ಖಾಲಿ ಜಾಗದಲ್ಲಿ. ಅದೇ ಟಿಕೆಟ್‌ನಲ್ಲಿ ನೋಡಬಹುದಾದ ಸಿ. ಎಸ್. ಫ್ಲೈ ಅವರ ಫೋಟೋ ಸ್ಟುಡಿಯೋವನ್ನು ಜನ ಸುಮ್ಮನೆ ದಾಟಿಹೋಗುತ್ತಾರೆ. 1886ರಲ್ಲಿ ಅಪಾಚೆ ನಾಯಕ ಜೆರೊನಿಮೊ ಶರಣಾಗತಿಯ ಮಾತುಕತೆಗೆ ಬಂದಾಗ ಫೋಟೋ ತೆಗೆದವರು ಇವರು. ಈ ನೆಲ ಕೌಬಾಯ್‌ಗಳಿಗಿಂತ ಮೊದಲು ಯಾರದಾಗಿತ್ತು ಅಂತ ಮಕ್ಕಳು ಕೇಳಿದರೆ ಇಲ್ಲಿ ನಿಲ್ಲಿಸಿ ಹೇಳಿ.

ಬರ್ಡ್ ಕೇಜ್ ಥಿಯೇಟರ್ ಗೋಡೆಗಳಲ್ಲಿ ಗುಂಡಿನ ತೂತುಗಳಿವೆ. ನೆಲಮಾಳಿಗೆಯಲ್ಲಿ ಎಂಟು ವರ್ಷ ಎಡೆಬಿಡದೆ ಇಸ್ಪೀಟು ನಡೆಯಿತು ಅನ್ನುತ್ತಾರೆ. ನಂಬುವುದು ನಿಮಗೆ ಬಿಟ್ಟದ್ದು. ಆ ಕಾಲದ ವೇಶ್ಯಾವಾಟಿಕೆಯ ಕೋಣೆಗಳೂ ಅಲ್ಲಿವೆ, ಆದ್ದರಿಂದ ಮಕ್ಕಳ ಪ್ರಶ್ನೆಗೆ ಉತ್ತರ ಸಿದ್ಧವಿರಲಿ, ಇಲ್ಲವೇ ಬಿಟ್ಟುಬಿಡಿ. ನಾವು ಬಿಟ್ಟೆವು.

ಊಟ ಸಸ್ಯಾಹಾರಿಗಳಿಗೆ ಕಷ್ಟವೇ. ಸಲೂನ್ (ಮದ್ಯದಂಗಡಿ) ಅಂದ ಮಾತ್ರಕ್ಕೆ ಮಕ್ಕಳೊಂದಿಗೆ ಹೋಗಬಾರದು ಅಂತಲ್ಲ, ಊಟ ಕೊಡುವ ಸಲೂನ್‌ಗಳಲ್ಲಿ ಕುಟುಂಬಗಳೇ ಹೆಚ್ಚು. ಬೀನ್ಸ್ ತರಿಸುವಾಗ ಅದಕ್ಕೆ ಹಂದಿ ಕೊಬ್ಬು, ಅಂದರೆ ಲಾರ್ಡ್, ಹಾಕಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಕಾರಿನಲ್ಲಿ ಮೊಸರನ್ನದ ಡಬ್ಬಿ ಇರುವುದು ಎಲ್ಲಕ್ಕಿಂತ ಕ್ಷೇಮ. ಕುಡಿಯಲು ಸಾರ್ಸಪರಿಲ್ಲಾ ಸೋಡಾ ಕೊಡಿಸಿ. ಅತ್ತೆಯವರು ಒಂದು ಗುಟುಕಿಗೇ "ಇದು ನಮ್ಮ ಸೊಗದೆಬೇರಿನ ಪಾನಕದ ಹಾಗಿದೆ" ಅಂದು ಪೂರ್ತಿ ಬಾಟಲಿ ಮುಗಿಸಿದರು.

ಸಂಜೆ ಹೊರಡುವಾಗ ಬೂಟ್‌ಹಿಲ್‌ನಲ್ಲಿ ಇಳಿಯಿರಿ. ದಾರಿ ಗಿಫ್ಟ್ ಶಾಪ್ ಒಳಗಿಂದಲೇ, ಮಕ್ಕಳ ಕೈ ಬಿಡಬೇಡಿ. ಕಲ್ಲುಗುಪ್ಪೆಗಳ ನಡುವೆ ಕ್ಲಾಂಟನ್, ಮೆಕ್‌ಲಾರಿಗಳ ಹೆಸರನ್ನು ಈಗ ಮಕ್ಕಳೇ ಹುಡುಕುತ್ತಾರೆ. ಟೂಮ್‌ಸ್ಟೋನ್ ಬೀದಿಯಲ್ಲಿ ಕೊಲೆಯಾದವರು ಅಂತ ಆ ಫಲಕದಲ್ಲಿದೆ. ಬೆಳಿಗ್ಗೆ ಕೋರ್ಟ್‌ಹೌಸ್ ನೋಡಿದ್ದರಿಂದ ನನ್ನ ಮಗಳು "ಜಡ್ಜ್ ಕೊಲೆ ಅಲ್ಲ ಅಂದಿದ್ದರಲ್ಲ?" ಅಂತ ತಾತನನ್ನು ಹಿಡಿದುಕೊಂಡಳು, ಬೆನ್ಸನ್‌ವರೆಗೂ ವಾದ ನಡೆಯಿತು.

ಒಂದು ರಾತ್ರಿ ಉಳಿಯುವವರು ಮಾರನೆಯ ದಿನ ದಕ್ಷಿಣಕ್ಕೆ 25 ಮೈಲಿ ದೂರದ ಬಿಸ್ಬಿಯಲ್ಲಿ ಕ್ವೀನ್ ತಾಮ್ರದ ಗಣಿಯೊಳಗೆ ಪುಟ್ಟ ರೈಲಿನಲ್ಲಿ ಹೋಗಿ ಬರಬಹುದು. ಒಳಗೆ ವರ್ಷವಿಡೀ 47 ಡಿಗ್ರಿ ಫ್ಯಾರನ್‌ಹೀಟ್, ಜಾಕೆಟ್ ಬೇಕೇ ಬೇಕು. ಬೆನ್ಸನ್ ಬಳಿಯ ಕಾರ್ಟ್‌ನರ್ ಗುಹೆ ನೋಡುವ ಆಸೆಯಿದ್ದರೆ ಟಿಕೆಟ್ ಮುಂಚಿತವಾಗಿ ಕಾಯ್ದಿರಿಸಿ. ವಾರಾಂತ್ಯಕ್ಕೆ ಅಲ್ಲೇ ಹೋಗಿ ಕೇಳಿದರೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.